ಬೇಲಿಯನ್ನೂ ಬರಿ, ಯವ್ವಾ

ಯವ್ವಾ, ನೀನು ಕೊಟ್ಟುಹೋದ ಕಥೆಯನ್ನು ಎರಡು ಸಲ ಓದಿದೆ. ಹಡಗಲಿಯ ಹುಡುಗಿ, ಕೂಡ್ಲಿಗಿ ಕಡೆಯ ಹುಡುಗ, ಕೊಟ್ಟೂರೇಶ್ವರನ ತೇರಿನ ನೂಕುನುಗ್ಗಲಲ್ಲಿ ಕಣ್ಣು ಕಣ್ಣು ಕೂಡಿದ್ದು ಎಲ್ಲ ಸೊಗಸಾಗಿದೆ. ಕೊನೆಯ ಎರಡು ಪುಟದಲ್ಲಿ ಮಾತ್ರ ಆ ಹುಡುಗ ಎದ್ದು ನಿಂತು ಜಾತಿ, ದೇವದಾಸಿ ಪದ್ಧತಿ, ಬಾಲ್ಯವಿವಾಹ ಮೂರರ ಮೇಲೂ ಭಾಷಣ ಬಿಗಿದುಬಿಟ್ಟ. ನಾನೂ ನಿನ್ನ ವಯಸ್ಸಿನಲ್ಲಿ ಇಂಥದ್ದೇ ಬರೆದು ಒಂದು ವಾರಪತ್ರಿಕೆಗೆ ಕಳಿಸಿದ್ದೆ. ಹೋದಷ್ಟೇ ಬೇಗ ವಾಪಸು ಬಂತು!

ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಬೇಲಿ ಮತ್ತು ಹೊಲ’ ಕಾದಂಬರಿಯೇ 1987ರಲ್ಲಿ ‘ಮನ ಮೆಚ್ಚಿದ ಹುಡುಗಿ’ ಸಿನಿಮಾ ಆಯಿತು. ಶಿವರಾಜಕುಮಾರ್, ಸುಧಾರಾಣಿ ಜೋಡಿ. ಹೊಲ ಮೇಯುವ ಬೇಲಿಯ ಗಾದೆ ನೆನಪಿಸುವ ಹೆಸರು ಪೋಸ್ಟರಿಗೆ ಬರುವಷ್ಟರಲ್ಲಿ ಹುಡುಗಿಯಾಗಿತ್ತು. ನಿನ್ನ ಕಥೆಯಲ್ಲೂ ಹುಡುಗಿ ಇದ್ದಾಳೆ, ಬೇಲಿ ಕಾಣುತ್ತಿಲ್ಲ.

ಅವಳ ಜಡೆಯಲ್ಲಿ ಹಡಗಲಿ ಮಲ್ಲಿಗೆ ಮುಡಿಸಿದ್ದೀಯ. ಆ ಮೊಗ್ಗು ಬಿಡಿಸಿದವರು ಯಾರು? ನಸುಕಿನಲ್ಲಿ ಯಾರದೋ ತೋಟದಲ್ಲಿ ಅವಳೇ ಬಿಡಿಸಿ, ಆಮೇಲೆ ಕಾಲೇಜಿನ ಬಸ್ಸಿಗೆ ಓಡುತ್ತಾಳೆ ಅನ್ನು, ಅದೇ ಮಲ್ಲಿಗೆಯ ವಾಸನೆ ಬೇರೆಯಾಗುತ್ತದೆ. ಇಬ್ಬರೂ ಅಗಲಿದ್ದಕ್ಕೆ ಫೋನು ಎತ್ತದ ಕಾರಣ ಕೊಟ್ಟಿದ್ದೀಯ. ನಮ್ಮ ಕಡೆ ಅಷ್ಟು ಕಷ್ಟಪಡಬೇಕಾಗಿಲ್ಲ ತಾಯಿ, ಮಳೆ ಕೈಕೊಟ್ಟರೆ ಸಾಕು. ಹುಡುಗನ ಮನೆಯವರು ಗುಳೆ ಹೋಗಿರುತ್ತಾರೆ, ಬಾಗಿಲಿಗೆ ಬೀಗ.

ಇನ್ನು ಆ ಭಾಷಣ. ಅವನು ದೇವದಾಸಿ ತಾಯಿಯ ಮಗನೇ ಆಗಿದ್ದರೆ ಭಾಷಣ ಮಾಡುತ್ತಿದ್ದನೇ? 1982ರಲ್ಲೇ ನಿಷೇಧದ ಕಾನೂನು ಬಂದರೂ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವುದು ಕದ್ದುಮುಚ್ಚಿ ನಡೆದ ಸೀಮೆ ನಮ್ಮದು. ಕಾಲೇಜಿನ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಬಂದಾಗ ಅವನ ಪೆನ್ನು ನಿಲ್ಲಲಿ, ಪಕ್ಕದಲ್ಲಿ ಕೂತ ಅವಳು ಅದನ್ನು ನೋಡಲಿ. ಅಷ್ಟು ಸಾಕು. ಆ ತಾಯಿಯನ್ನು ಬರೀ ಅಳಿಸಲಿಕ್ಕೆ ಕರೆತರಬೇಡ. ಮಗನ ಜೇಬಿನಲ್ಲಿ ಬಾಡಿದ ಮಲ್ಲಿಗೆ ಸಿಕ್ಕರೆ ಅವಳು ನಗಲಾರಳೇ?

ಕಾದಂಬರಿಕಾರ್ತಿ ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಆದರೂ ‘ಶರಪಂಜರ’ದಲ್ಲಿ ಪಾಠ ಹೇಳಲು ಕೂರಲಿಲ್ಲ. ಬಾಣಂತಿತನದಲ್ಲಿ ಮನಸ್ಸು ಕೆಟ್ಟು, ಗುಣವಾಗಿ ಬಂದ ಕಾವೇರಿಯನ್ನು ಮನೆಯವರು ನೋಡುವ ನೋಟವೇ ಓದುವವರನ್ನು ಚುಚ್ಚುತ್ತದೆ. ಗ್ರಂಥಾಲಯದಲ್ಲಿ ಸಿಕ್ಕೀತು, ತಂದು ಓದು.

ವಯಸ್ಸಿನ ವಿಷಯ ಮಾತ್ರ ಸಡಿಲ ಬಿಡಬೇಡ. ನಿನ್ನ ಹುಡುಗಿಗೆ 17, ಕೊನೆಗೆ ಇಬ್ಬರನ್ನೂ ಓಡಿಸಿದ್ದೀಯ. 2012ರ ಪೋಕ್ಸೋ ಕಾಯ್ದೆಯಲ್ಲಿ 18 ತುಂಬದವಳ ಒಪ್ಪಿಗೆ ಲೆಕ್ಕಕ್ಕಿಲ್ಲ. ಹುಡುಗ ಜೈಲು ಕಾಣುತ್ತಾನೆ. ಅದೇ ವಯಸ್ಸಿಗೆ ಅಪ್ಪ ಬೇರೆ ಗಂಡು ಗೊತ್ತುಮಾಡಿದರೆ ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುವವರೆಗೆ ಊರಿಗೆ ಊರೇ ಊಟಕ್ಕೆ ಕೂತಿರುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡವಳೇ ನಿನ್ನ ನಾಯಕಿ. ಅವಳು ಓಡಲೇಬೇಕೆಂದು ಯಾರು ಹೇಳಿದರು, ಒಂದು ವರ್ಷ ಕಾಯಲಿ. ಕಾಯುವುದರಲ್ಲೂ ಕಥೆ ಉಂಟು. ಮತ್ತೆ, ಅವಳು ಬೇಡವೆಂದ ಮೇಲೂ ಹುಡುಗ ಬಸ್‌ಸ್ಟ್ಯಾಂಡಿನಿಂದ ಹಿಂದೆ ಬೀಳುವ ಆ ಮೂರನೇ ಅಧ್ಯಾಯ ಹರಿದು ಹಾಕು, ನನಗೆ ಸಿಟ್ಟು ಬಂತು.

ತೇರಿನ ಪುಟಗಳನ್ನು ಮಾತ್ರ ಮುಟ್ಟಬೇಡ. ಬರುವ ಅಮಾವಾಸ್ಯೆಯೊಳಗೆ ಆ ಹುಡುಗ ಗುಳೆ ಎಲ್ಲಿಗೆ ಹೋದ, ಅಲ್ಲಿಂದ ಅವಳಿಗೆ ಮೊದಲ ಫೋನಿನಲ್ಲಿ ಏನಂದ, ಅಷ್ಟು ಬರೆದು ತಾ.