ಶಿಶುವಿನ ಎಳೆಯ ಚರ್ಮವನ್ನು ಕಾಯುವ ಕ್ರಮ



ಮನೆಯಲ್ಲಿ ಕೂಸು ಹುಟ್ಟಿದಾಗ ಅದನ್ನು ಕೈಗೆತ್ತಿಕೊಂಡವರೆಲ್ಲರೂ ಮೊದಲು ಹೇಳುವ ಮಾತೇನಂದರೆ, ಎಷ್ಟು ಮೆತ್ತಗಿದೆ ಎಂಬದೇ. ಆದರೆ ಚರ್ಮವು ಅಂದಕ್ಕಾಗಿ ಮಾತ್ರ ಇರುವಂಥದ್ದಲ್ಲ. ದೇಹವೆಂಬ ಮನೆಗೆ ಅದು ಗೋಡೆಯಾಗಿದೆ. ಗೋಡೆ ಗಟ್ಟಿಯಾಗಿರುವ ತನಕ ಕಳ್ಳನು ಹೊರಗೆ ನಿಲ್ಲುವನು. ಅದರಲ್ಲಿ ಬಿರುಕು ಬಿಟ್ಟರೆ ಒಳಗೆ ಬರುವನು. ಹುಟ್ಟಿದ ಮೊದಲನೆಯ ತಿಂಗಳಲ್ಲಿ ಕೂಸುಗಳ ಪ್ರಾಣಕ್ಕೆ ಎರವಾಗುವ ರೋಗಗಳಲ್ಲಿ ರಕ್ತಕ್ಕೆ ಸೇರುವ ನಂಜು ಒಂದು. ಅದು ಒಳಹೋಗುವ ದಾರಿಗಳಲ್ಲಿ ಗಾಯಗೊಂಡ ಚರ್ಮವೂ ಮೈಲಿಗೆಯಾದ ಹೊಕ್ಕುಳೂ ಸೇರಿವೆ. ಆದಕಾರಣ ಈ ತಿಂಗಳ ಪಾಠದಲ್ಲಿ ಶಿಶುವಿನ ಚರ್ಮವನ್ನು ಹೇಗೆ ಕಾಯತಕ್ಕದ್ದೆಂದು ಕ್ರಮವಾಗಿ ವಿಚಾರಿಸೋಣ.

1. ಶಿಶುವಿನ ಚರ್ಮವು ಎಂಥದ್ದು?

ದೊಡ್ಡವರ ಚರ್ಮಕ್ಕಿಂತ ಶಿಶುವಿನ ಚರ್ಮದ ಮೇಲ್ಪದರವು ತೆಳ್ಳಗಿರುತ್ತದೆ. ಒಳಗಿನ ತೇವವು ಬೇಗ ಹೊರಗೆ ಹೋಗುವದು. ಹೊರಗೆ ಹಚ್ಚಿದ್ದು ಬೇಗ ಒಳಗೆ ಸೇರುವದು. ಇದಲ್ಲದೆ, ಒಂದು ಸೇರು ತೂಕಕ್ಕೆ ಇಷ್ಟು ಚರ್ಮವೆಂದು ಲೆಕ್ಕ ಹಾಕಿದರೆ, ಕೂಸಿನ ಪಾಲಿಗೆ ದೊಡ್ಡವರಿಗಿಂತ ಎರಡರಷ್ಟಕ್ಕೂ ಹೆಚ್ಚು ಚರ್ಮವಿರುತ್ತದೆ. ಹೀಗಿರುವದರಿಂದ ನಮಗೆ ಏನೂ ಮಾಡದ ಮದ್ದು ಕೂಸಿಗೆ ವಿಷವಾಗಬಹುದು. ನಮಗೆ ತಂಪೆನಿಸುವ ಗಾಳಿ ಅದನ್ನು ನಡುಗಿಸಬಹುದು. ತಿಂಗಳು ತುಂಬದೆ ಹುಟ್ಟಿದ ಕೂಸಿನ ಚರ್ಮವಾದರೋ ಇನ್ನೂ ಎಳೆಯದು.

2. ಹುಟ್ಟಿದ ದಿನ

ಹುಟ್ಟುವಾಗ ಕೂಸಿನ ಮೈಮೇಲೆ ಬೆಣ್ಣೆಯಂಥ ಬಿಳಿಯ ಲೇಪವಿರುತ್ತದೆ. ಅನೇಕರು ಇದನ್ನು ಕೊಳೆಯೆಂದು ತಿಳಿದು ಉಜ್ಜಿ ತೆಗೆಯುತ್ತಾರೆ. ಅದು ಕೊಳೆಯಲ್ಲ, ಗರ್ಭದಲ್ಲಿ ಚರ್ಮವನ್ನು ಕಾಯ್ದದ್ದು ಅದೇ, ಹುಟ್ಟಿದ ಮೇಲೆ ತೇವವನ್ನು ಹಿಡಿದಿಟ್ಟು ರೋಗಾಣುಗಳನ್ನು ತಡೆಯುವದೂ ಅದೇ. ಒಣಗಿದ ಶುಚಿಯಾದ ಬಟ್ಟೆಯಿಂದ ರಕ್ತವನ್ನೂ ನೀರನ್ನೂ ಒರಸಿ, ಲೇಪವನ್ನು ಹಾಗೆಯೇ ಬಿಡಬೇಕು. ಮೊದಲನೆಯ ಸ್ನಾನವನ್ನು 24 ಗಂಟೆಗಳ ತನಕ ತಡಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಬೋಧಿಸುತ್ತದೆ. ಯಾಕಂದರೆ ಬೇಗ ಸ್ನಾನ ಮಾಡಿಸಿದ ಕೂಸು ತಣ್ಣಗಾಗಿ, ಮೊಲೆಹಾಲನ್ನು ಸರಿಯಾಗಿ ಕುಡಿಯದೆ ಸೋತುಹೋಗಬಹುದು.

ಆ ಹೊತ್ತಿನಲ್ಲಿ ಕೂಸಿಗೆ ತಕ್ಕ ಸ್ಥಳವು ತಾಯಿಯ ಎದೆಯೇ. ತಾಯಿಯ ಚರ್ಮಕ್ಕೆ ಕೂಸಿನ ಚರ್ಮವು ತಾಗುವಂತೆ ಮಲಗಿಸಿ ಮೇಲೆ ಬಟ್ಟೆ ಹೊದಿಸಬೇಕು. ತೂಕ ಕಡಿಮೆಯಿರುವ ಕೂಸುಗಳಿಗೆ ಈ ಕ್ರಮವನ್ನು 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ವೈದ್ಯರು ಆರಂಭಿಸಿದರು. ಕಾಂಗರೂ ಆರೈಕೆಯೆಂದು ಅದಕ್ಕೆ ಹೆಸರಾಯಿತು. ನಮ್ಮ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ನಡೆಯಿಸಿ ನೋಡಿದ್ದಾರೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆಯನ್ನು ಆರಂಭಿಸಿದರೆ ತೂಕ ಕಡಿಮೆಯ ಕೂಸುಗಳ ಮರಣವು ನಾಲ್ಕರಲ್ಲೊಂದು ಪಾಲು ತಗ್ಗುವದೆಂದು ಕಂಡುಬಂತು. ಇದಕ್ಕೆ ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ, ಎದೆಯೊಂದು ಸಾಕು. ತಾಯಿ ಬಳಲಿದಾಗ ತಂದೆಯೂ ಎದೆ ಕೊಡಬಹುದು. ಇದರಲ್ಲಿ ನಾಚಿಕೆ ಪಡತಕ್ಕದ್ದೇನೂ ಇಲ್ಲ.

3. ಹೊಕ್ಕುಳು

ಹೊಕ್ಕುಳಬಳ್ಳಿಯು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಒಣಗಿ ತಾನೇ ಬೀಳುವದು. ಅದಕ್ಕೆ ಬೂದಿ, ಅರಸಿನ, ಎಣ್ಣೆ, ಸೆಗಣಿ ಇವುಗಳಲ್ಲಿ ಯಾವದನ್ನೂ ಹಚ್ಚಕೂಡದು. ಒಣಗಿಸಿ, ಶುಚಿಯಾಗಿ, ಗಾಳಿಗೆ ತೆರೆದು ಇಡುವದೇ ಮದ್ದು. ಹೊಕ್ಕುಳಿನ ಮೂಲಕ ಬರುವ ಧನುರ್ವಾಯುವಿನಿಂದ ಹಿಂದಿನ ಕಾಲದಲ್ಲಿ ಸತ್ತ ಕೂಸುಗಳಿಗೆ ಲೆಕ್ಕವಿಲ್ಲ. ಗರ್ಭಿಣಿಯರಿಗೆ ಚುಚ್ಚುಮದ್ದು ಕೊಟ್ಟದ್ದರಿಂದಲೂ ಶುಚಿಯಾದ ಹೆರಿಗೆಯಿಂದಲೂ 2015ರಲ್ಲಿ ಭಾರತವು ಈ ಪೀಡೆಯಿಂದ ಬಿಡುಗಡೆ ಹೊಂದಿದ ದೇಶವೆಂದು ಗೊತ್ತುಮಾಡಲ್ಪಟ್ಟಿತು. ಗೆದ್ದದ್ದನ್ನು ಒಂದು ಚಿಟಿಕೆ ಬೂದಿಯಿಂದ ನಮ್ಮ ಮನೆಯಲ್ಲಿ ಸೋಲಬಾರದು.

4. ಎಣ್ಣೆ ಮತ್ತು ನೀರು

ಬೆಂಗಳೂರಿನ ಪಡುವಣ ಭಾಗದಲ್ಲಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಕಡೆಗಳಲ್ಲಿ ಬಾಣಂತಿಯ ಮನೆಗೆ ಊರಿನಿಂದ ಅಜ್ಜಿ ಬರುವದುಂಟು; ಅಥವಾ ನೆರೆಯಲ್ಲಿ ನೀರೆರೆಯುವ ಮುದುಕಿಯನ್ನು ಕರೆಯಿಸುವದುಂಟು. ಆಕೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತೀಡಿ, ಬಿಸಿನೀರು ಹೊಯ್ಯುವಳು. ಈ ಪದ್ಧತಿಯಲ್ಲಿ ಒಳ್ಳೇದು ಬಹಳವಿದೆ. ಹಗುರವಾದ ಕೈಯಿಂದ ಎಣ್ಣೆ ತೀಡಿದರೆ ಕೂಸಿಗೆ ಸುಖವಾಗುವದು, ನಿದ್ರೆ ಹತ್ತುವದು. ನಮ್ಮ ಕೊಬ್ಬರಿ ಎಣ್ಣೆ ಸೌಮ್ಯವಾದದ್ದು. ಸಾಸಿವೆ ಎಣ್ಣೆಯು ಚರ್ಮದ ಗೋಡೆಯನ್ನೇ ಕೆಡಿಸುವದಾದ್ದರಿಂದ ಬೇಡ. ಕಿವಿಗೂ ಮೂಗಿಗೂ ಎಣ್ಣೆ ಬಿಡಕೂಡದು. ಮೂಗಿಗೆ ಬಿಟ್ಟ ಎಣ್ಣೆಯು ಶ್ವಾಸಕೋಶಕ್ಕೆ ಇಳಿದು ಕಠಿನವಾದ ರೋಗವನ್ನು ತರುವದು. ಕೈಕಾಲುಗಳನ್ನು ಎಳೆದು ತಿರುಚುವದೂ, ತಲೆಯನ್ನು ದುಂಡಗೆ ಮಾಡಬೇಕೆಂದು ಒತ್ತುವದೂ, ಮೊಲೆತೊಟ್ಟನ್ನು ಹಿಂಡುವದೂ ನಿಲ್ಲಬೇಕು.

ನೀರಿನ ವಿಷಯದಲ್ಲಿ ಮೂರು ಎಚ್ಚರಿಕೆಗಳಿವೆ. ಮೊದಲನೆಯದು, ಬಿಸಿ. ಬಕೀಟಿಗೆ ಮೊದಲು ತಣ್ಣೀರು ಹಾಕಿ ಆಮೇಲೆ ಬಿಸಿನೀರನ್ನು ಬೆರೆಸಬೇಕು. ಅಂಗೈಗಲ್ಲ, ಮೊಣಕೈಗೆ ತಾಗಿಸಿ ನೋಡಬೇಕು. ನಿತ್ಯವೂ ಒಲೆಯ ಮುಂದೆ ದುಡಿದ ಅಂಗೈ ಬಿಸಿಯನ್ನು ಸರಿಯಾಗಿ ಅರಿಯದು. ಮೈಯ ಬಿಸಿಯಷ್ಟು, ಅಂದರೆ ಸುಮಾರು 37 ಡಿಗ್ರಿಯಷ್ಟಿದ್ದರೆ ಸಾಕು. ಗೀಸರಿನ ನಲ್ಲಿಯ ಕೆಳಗೆ ಕೂಸನ್ನು ಎಂದೂ ಹಿಡಿಯಕೂಡದು. 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಚರ್ಮವನ್ನು ಬೇಯಿಸುವದು. ಎರಡನೆಯದು, ಹೊತ್ತು. ಐದು ನಿಮಿಷದಿಂದ ಹತ್ತು ನಿಮಿಷದೊಳಗೆ ಸ್ನಾನ ಮುಗಿಯಬೇಕು. ದಿನಾಲೂ ಸ್ನಾನ ಮಾಡಿಸಲೇಬೇಕೆಂಬ ನಿಯಮವಿಲ್ಲ; ವಾರಕ್ಕೆ ಎರಡು ಮೂರು ಸಾರಿ ಸ್ನಾನ, ಉಳಿದ ದಿನಗಳಲ್ಲಿ ಮುಖ, ಕತ್ತು, ಕಂಕುಳು, ತೊಡೆಸಂದು ಇವುಗಳನ್ನು ಒರಸಿದರೆ ಆದೀತು. ಮೂರನೆಯದು, ಸಾಬೂನು. ಈ ಬಡಾವಣೆಗಳಲ್ಲಿ ಕೆಲವರಿಗೆ ಸುಮಾರು 100 ಕಿಲೋಮೀಟರಿನಾಚೆಯಿಂದ ಬರುವ ಕಾವೇರಿಯ ನೀರು, ಕೆಲವರಿಗೆ ಕೊಳವೆಬಾವಿಯ ಗಡಸು ನೀರು. ಗಡಸು ನೀರಿನಲ್ಲಿ ಸಾಬೂನು ನೊರೆಯೇಳದೆ ಜಿಡ್ಡಾಗಿ ಚರ್ಮಕ್ಕೆ ಅಂಟಿಕೊಳ್ಳುವದು. ನೊರೆ ಬರಲಿಲ್ಲವೆಂದು ಹೆಚ್ಚು ಉಜ್ಜಿದಷ್ಟೂ ಚರ್ಮವು ಒಣಗುವದು. ಸುಗಂಧವಿಲ್ಲದ ಸೌಮ್ಯ ಸಾಬೂನನ್ನು ಸ್ವಲ್ಪವೇ ಹಚ್ಚಿ ಚೆನ್ನಾಗಿ ತೊಳೆಯಬೇಕು. ಮಾಗಿಯ ಚಳಿಗಾಲದಲ್ಲಿ ಸ್ನಾನವಾದ ಕೂಡಲೇ, ಮೈಯ ತೇವವನ್ನು ಒತ್ತಿ ಒರಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರುವದು ಹಿತ.

5. ಹಿಟ್ಟು ಮತ್ತು ಬಣ್ಣ

ಕೂಸು ಕಪ್ಪಗಿದೆಯೆಂದು ಕಡಲೆಹಿಟ್ಟು, ಅರಸಿನ, ಹಾಲಿನ ಕೆನೆ ಇವುಗಳಿಂದ ತಿಕ್ಕಿ ಬೆಳ್ಳಗೆ ಮಾಡಬೇಕೆಂದು ಹೇಳುವವರುಂಟು. ಮೈಬಣ್ಣವು ತಂದೆತಾಯಿಗಳಿಂದ ಬರುವಂಥದ್ದು, ತಿಕ್ಕಿದರೆ ಹೋಗುವಂಥದ್ದಲ್ಲ. ಹುಟ್ಟುವಾಗ ಕೆಂಪಗಿದ್ದ ಕೂಸು ಕೆಲವು ತಿಂಗಳುಗಳಲ್ಲಿ ತನ್ನ ಸಹಜವಾದ ಬಣ್ಣಕ್ಕೆ ಬರುವದು. ಇದು ಬಾಣಂತಿಯ ಪಥ್ಯದ ದೋಷವಲ್ಲ. ಮೈಕೂದಲು ತಾನೇ ಉದುರುವದು. ಬೆನ್ನಿನ ಕೆಳಭಾಗದಲ್ಲಿ ನೀಲಿಯ ಮಚ್ಚೆಗಳು ನಮ್ಮ ಮಕ್ಕಳಲ್ಲಿ ಬಹು ಸಾಧಾರಣ. ಅವು ಪೆಟ್ಟಿನ ಗುರುತೂ ಅಲ್ಲ, ರೋಗವೂ ಅಲ್ಲ, ಕೆಲವು ವರುಷಗಳಲ್ಲಿ ಮಾಸಿಹೋಗುವವು. ಹಿಟ್ಟಿನ ತರಿಗಳಾದರೋ ಎಳೆಚರ್ಮವನ್ನು ಗೀರುವವು. ಆ ಗೀರುಗಳಲ್ಲಿ ಕೀವು ಸೇರುವದು. ಕೂಸಿನ ಬಣ್ಣವನ್ನು ನೆಂಟರ ಮುಂದೆ ಹಳಿಯುವ ಮಾತು ತಾಯಿಯ ಹೃದಯವನ್ನೂ ಗೀರುವದೆಂಬದನ್ನು ಹಿರಿಯರು ಮರೆಯದಿರಲಿ.

ಹಳೆಯ ಪದ್ಧತಿಯೆಂಬ ಮಾತ್ರಕ್ಕೆ ಯಾವದೂ ನಿರಪಾಯವಾಗದು. ಹುಟ್ಟಿದ ಕೂಸಿಗೆ ಉಪ್ಪು ತಿಕ್ಕುವ ಪದ್ಧತಿ ಮೂಡಣ ದೇಶಗಳಲ್ಲಿ ಇತ್ತೆಂಬದಕ್ಕೆ ಯೆಹೆಜ್ಕೇಲನ ಪುಸ್ತಕದ 16ನೆಯ ಅಧ್ಯಾಯವೇ ಸಾಕ್ಷಿ. ಆದರೆ ಆ ಉಪ್ಪು ಎಳೆಚರ್ಮದ ಮೂಲಕ ರಕ್ತಕ್ಕೆ ಸೇರಿ ಪ್ರಾಣಕ್ಕೆ ಅಪಾಯ ತರುವದೆಂದು ಈಗಿನ ವೈದ್ಯರು ತೋರಿಸಿದ್ದಾರೆ. ಅಂದಿನವರು ಪ್ರೀತಿಯಿಂದಲೇ ಮಾಡಿದರು. ಪ್ರೀತಿಗೆ ತಿಳುವಳಿಕೆಯೂ ಜೊತೆಯಾಗಬೇಕು.

6. ಪೌಡರು, ಕಾಡಿಗೆ, ಧೂಪ, ನುಸಿಗುಳಿಗೆ

ಪೌಡರಿನ ಧೂಳು ಕೂಸಿನ ಶ್ವಾಸಕೋಶಕ್ಕೆ ಹೋಗುವದು; ಅದರಿಂದ ಚರ್ಮಕ್ಕೆ ದೊರೆಯುವ ಲಾಭವೂ ಇಲ್ಲ. 1972ರಲ್ಲಿ ಫ್ರಾನ್ಸ್ ದೇಶದಲ್ಲಿ ಒಂದು ಬಗೆಯ ಶಿಶುಪೌಡರಿಗೆ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕವು ತಪ್ಪಾಗಿ ಬೆರೆತು 36 ಮಕ್ಕಳು ಸತ್ತರು. ವಿಷವು ಬಾಯಿಂದ ಹೋಗಲಿಲ್ಲ, ಚರ್ಮದಿಂದ ಹೋಯಿತು. ಚರ್ಮಕ್ಕೆ ಹಚ್ಚಿದ್ದೆಲ್ಲಾ ಹೊರಗೇ ಉಳಿಯುವದೆಂದು ನೆನಸುವವರಿಗೆ ಈ ಸಂಗತಿಯೇ ಉತ್ತರ.

ಅಂಗಡಿಯ ಕಾಡಿಗೆಯಲ್ಲಿ ಸೀಸವಿರಬಹುದು. ಅದು ಮಿದುಳಿಗೆ ಕೆಡುಕು. ಮನೆಯಲ್ಲಿ ಮಾಡಿದ್ದಾದರೂ ಬೆರಳಿನಿಂದ ಕಣ್ಣಿಗೆ ರೋಗಾಣುಗಳನ್ನು ಒಯ್ಯುವದು. ಸ್ನಾನವಾದ ಮೇಲೆ ಸಾಂಬ್ರಾಣಿಯ ಹೊಗೆಯ ಮೇಲೆ ಕೂಸನ್ನು ಹಿಡಿಯುವ ರೂಢಿಯಲ್ಲಿ ಎರಡು ಅಪಾಯಗಳುಂಟು; ಹೊಗೆ ಉಸಿರಿಗೆ, ಕೆಂಡ ಚರ್ಮಕ್ಕೆ. ಒಣಗಿದ ಬಟ್ಟೆಯೇ ತಲೆಯನ್ನು ಆರಿಸಬಲ್ಲದು.

ನುಸಿಗುಳಿಗೆಯ ವಿಷಯವನ್ನು ಅನೇಕರು ಕೇಳಿಯೇ ಇಲ್ಲ. ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೆಯ ಮೆತ್ತನೆಯ ಸೀರೆಯನ್ನೂ ಉಣ್ಣೆಯ ಟೋಪಿಯನ್ನೂ ತೆಗೆದು ಹಾಗೆಯೇ ಕೂಸಿಗೆ ಹೊದಿಸುವದುಂಟು. ಕೆಲವು ಕೂಸುಗಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕೊರತೆಯಿರುವದು. ಅಂಥವುಗಳಿಗೆ ಆ ಗುಳಿಗೆಯ ವಾಸನೆಯೇ ರಕ್ತವನ್ನು ಒಡೆದು ಕಠಿನವಾದ ಕಾಮಾಲೆಯನ್ನು ತರುವದು. ಕೊರತೆ ಯಾರಿಗಿದೆಯೆಂದು ಮುಖ ನೋಡಿ ಹೇಳಲಾಗದು. ಆದಕಾರಣ ಶಿಶುವಿರುವ ಮನೆಯಲ್ಲಿ ನುಸಿಗುಳಿಗೆಯೇ ಬೇಡ. ಕರ್ಪೂರ ಬೆರೆತ ಎಣ್ಣೆಯೂ ಬೇಡ. ಅದು ಸೆಳವು ತರಬಲ್ಲದು.

7. ಬಟ್ಟೆಯೂ ದದ್ದುಗಳೂ

ಹಳೆಯ ಹತ್ತಿಬಟ್ಟೆಯ ತುಂಡುಗಳು ಶಿಶುವಿಗೆ ಬಹಳ ಒಳ್ಳೇವು. ಅವುಗಳನ್ನು ಒಗೆದು, ಸಾಬೂನು ಪೂರಾ ಹೋಗುವ ತನಕ ಜಾಲಿಸಿ, ಬಿಸಿಲಿನಲ್ಲಿ ಒಣಗಿಸಬೇಕು. ಉಚ್ಚೆಯಲ್ಲಿಯೂ ಹೇಲಿನಲ್ಲಿಯೂ ನೆನೆದ ಚರ್ಮವು ಕೆಂಪಗಾಗಿ ಸುಲಿಯುವದು. ಒದ್ದೆಯಾದ ಕೂಡಲೇ ಬದಲಾಯಿಸಿ, ಬರೀ ನೀರಿನಿಂದ ತೊಳೆದು, ಸ್ವಲ್ಪ ಹೊತ್ತು ಗಾಳಿಗೆ ಬಿಡಬೇಕು. ಕೆಂಪಾದರೆ ಜಿಂಕ್ ಆಕ್ಸೈಡಿನ ಮುಲಾಮನ್ನು ದಪ್ಪವಾಗಿ ಹಚ್ಚಬಹುದು. ಕೆಂಪು ಸಂದುಗಳೊಳಗೆ ಹೊಕ್ಕು, ಸುತ್ತಲೂ ಚಿಕ್ಕ ಚುಕ್ಕೆಗಳೆದ್ದರೆ ಅದು ಬೂಷ್ಟಿನ ಜಾತಿಯ ಸೋಂಕು. ವೈದ್ಯರ ಮದ್ದೇ ಬೇಕು. ಔಷಧದಂಗಡಿಯಲ್ಲಿ ತಾವೇ ಕೇಳಿ ತರುವ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರಬಹುದು. ಅದು ದದ್ದನ್ನು ಎರಡು ದಿನ ಅಡಗಿಸಿ, ಚರ್ಮವನ್ನು ತೆಳುವಾಗಿಸಿ, ಬಟ್ಟೆಯ ಕಟ್ಟಿನೊಳಗಿಂದ ದೇಹಕ್ಕೆಲ್ಲಾ ಸೇರಿ ಕೆಡಿಸುವದು.

ಚೈತ್ರ ವೈಶಾಖದ ಸೆಕೆಯಲ್ಲಿ ಟೋಪಿ, ಕಾಲುಚೀಲ, ಮೂರು ಸುತ್ತು ಬಟ್ಟೆ ಇವುಗಳಿಂದ ಬಿಗಿದರೆ ಬೆವರುಸಾಲೆ ಏಳುವದು. ನಮಗಿಂತ ಒಂದು ಪದರ ಹೆಚ್ಚು ಬಟ್ಟೆ ಕೂಸಿಗೆ ಸಾಕು.

8. ತಡಮಾಡಬಾರದ ಗುರುತುಗಳು

ಮೊದಲನೆಯ ವಾರದಲ್ಲಿ ಏಳುವ ಚಿಕ್ಕ ಕೆಂಪು ಗುಳ್ಳೆಗಳು ಬಹುಮಟ್ಟಿಗೆ ತಾವೇ ಹೋಗುವವು. ಆದರೆ ಈ ಗುರುತುಗಳಲ್ಲಿ ಒಂದು ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು:

ಕೀವುಗುಳ್ಳೆಗಳು ಹತ್ತು ಅಥವಾ ಹೆಚ್ಚು ಇರುವದು, ಇಲ್ಲವೆ ಒಂದೇ ದೊಡ್ಡ ಕುರು ಏಳುವದು;
ಹೊಕ್ಕುಳಿನ ಸುತ್ತ ಕೆಂಪಾಗುವದು, ಕೀವು ಸೋರುವದು;
ಹುಟ್ಟಿದ 24 ಗಂಟೆಗಳೊಳಗೆ ಮೈ ಹಳದಿಯಾಗುವದು, ಅಥವಾ ಯಾವಾಗಲಾದರೂ ಅಂಗೈ ಅಂಗಾಲು ಹಳದಿಯಾಗುವದು;
ಮೈ ಸುಡುವದು, ಅಥವಾ ಮುಟ್ಟಿದರೆ ತಣ್ಣಗಿರುವದು;
ಹಾಲು ಕುಡಿಯದಿರುವದು, ಸೆಳವು ಬರುವದು, ನಿಮಿಷಕ್ಕೆ 60 ಅಥವಾ ಹೆಚ್ಚು ಸಾರಿ ಉಸಿರಾಡುವದು.

ಹಳದಿಗೆ ಎಳೆಬಿಸಿಲು ಸಾಕೆಂದು ದಿನ ಕಳೆಯಕೂಡದು. 108 ಎಂಬ ಸಂಖ್ಯೆಗೆ ಕರೆ ಮಾಡಿದರೆ ಗಾಡಿ ಬರುವದು. ಇದಲ್ಲದೆ, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಶಾ ಕಾರ್ಯಕರ್ತೆಯು 3, 7, 14, 21, 28, 42ನೆಯ ದಿನಗಳಲ್ಲಿ ಮನೆಗೆ ಬಂದು ನೋಡತಕ್ಕದ್ದೆಂಬ ಏರ್ಪಾಡಿದೆ. ಆಕೆ ಬಂದಾಗ ಕೂಸಿನ ಬಟ್ಟೆ ಬಿಚ್ಚಿ ಮೈಯೆಲ್ಲಾ ತೋರಿಸಿರಿ. ಬಾಗಿಲಲ್ಲೇ ಮಾತಾಡಿ ಕಳುಹಿಸಬೇಡಿರಿ.

9. ಹಿರಿಯರೊಡನೆ ನಡೆಯುವ ರೀತಿ

ಇಷ್ಟನ್ನು ಓದಿದ ಎಳೆಯ ತಾಯಿಯು, ನಮ್ಮತ್ತೆಯವರಿಗೆ ಇದನ್ನು ಹೇಗೆ ಹೇಳಲಿ ಎಂದು ಕೇಳುವಳು. ಇದು ಈ ಪಾಠದಲ್ಲಿ ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆ. ಹತ್ತು ಮಕ್ಕಳಿಗೆ ನೀರೆರೆದ ಕೈಯನ್ನು ಅಜ್ಞಾನದ ಕೈಯೆಂದು ತಳ್ಳಿದರೆ ಮನೆ ಒಡೆಯುವದು. ಸುಮ್ಮನಿದ್ದರೆ ಕೂಸಿಗೆ ಕೇಡಾದೀತು. ಆದಕಾರಣ ಬೇಡವೆಂಬದಕ್ಕಿಂತ ಮೊದಲು ಬೇಕೆಂಬದನ್ನು ಹೇಳಿರಿ. "ಅತ್ತೆ, ಎಣ್ಣೆ ನೀವೇ ತೀಡಿ, ನಿಮ್ಮ ಕೈಯೇ ಅದಕ್ಕೆ ಹಿತ, ಮೂಗಿಗೆ ಮಾತ್ರ ಬಿಡಬೇಡಿ ಅಂತ ಡಾಕ್ಟರು ಹೇಳಿದಾರೆ" ಎಂದರೆ ಆಕೆಯ ಮಾನ ಉಳಿಯುವದು, ಕೂಸಿನ ಉಸಿರೂ ಉಳಿಯುವದು. ಗಂಡಂದಿರು ಇದನ್ನು ಹೆಂಗಸರ ಮಾತೆಂದು ಬಿಡದೆ, ತಮ್ಮ ತಾಯಿಗೆ ತಾವೇ ಹೇಳಬೇಕು. ಸೊಸೆಯ ಬಾಯಿಂದ ಬಂದರೆ ಎದುರುಮಾತಾಗುವದು ಮಗನ ಬಾಯಿಂದ ಬಂದರೆ ವಿನಂತಿಯಾಗುವದು. ಆಸ್ಪತ್ರೆಗೆ ಹೋಗುವಾಗ ಅಜ್ಜಿಯನ್ನೂ ಕರಕೊಂಡು ಹೋಗಿರಿ. ಆಕೆಯು ತಾನೇ ಕೇಳಿದ್ದನ್ನು ತಾನೇ ನಡೆಯಿಸುವಳು.

ಕೂಸು ತನ್ನ ನೋವನ್ನು ಹೇಳಲಾರದು. ಅದರ ಚರ್ಮವೇ ಅದರ ಮಾತು. ಕೆಂಪು, ಹಳದಿ, ಬಿಸಿ, ತಣ್ಣಗೆ, ಇವೇ ಅದರ ಅಕ್ಷರಗಳು. ದಿನಕ್ಕೊಮ್ಮೆ ಬೆಳಕಿನಲ್ಲಿ ನಿಧಾನವಾಗಿ ಅವುಗಳನ್ನು ಓದಿರಿ.

ಪಾಠದ ಪ್ರಶ್ನೆಗಳು

ಮೊದಲನೆಯ ಸ್ನಾನವನ್ನು ಯಾಕೆ ತಡಮಾಡಬೇಕು?
ಹೊಕ್ಕುಳಿಗೆ ಏನು ಹಚ್ಚತಕ್ಕದ್ದು?
ಬಿಸಿನೀರನ್ನು ಪರೀಕ್ಷಿಸುವ ಕ್ರಮವೇನು?
ಪೆಟ್ಟಿಗೆಯಲ್ಲಿಟ್ಟ ಹಳೆಯ ಬಟ್ಟೆಯನ್ನು ಹೊದಿಸುವದಕ್ಕೆ ಮುಂಚೆ ಏನು ವಿಚಾರಿಸಬೇಕು?
ನಿಮ್ಮ ಮನೆಯಲ್ಲಿ ನಡೆಯುವ ಪದ್ಧತಿಗಳಲ್ಲಿ ಯಾವದನ್ನು ಉಳಿಸುವಿರಿ, ಯಾವದನ್ನು ಬಿಡುವಿರಿ? ಹಿರಿಯರೊಡನೆ ಕೂತು ಆಲೋಚಿಸಿರಿ.