ಅವಳಿ ಬೆಳಕಿನ ಕಣಗಳ ಒಗಟು

ಒಂದು ಜೊತೆ ಬಳೆಗಳಲ್ಲಿ ಒಂದು ಕೆಂಪು, ಒಂದು ಹಸುರು ಎಂದಿಟ್ಟುಕೊಳ್ಳೋಣ. ಇವನ್ನು ನೋಡದೆ ಎರಡು ಪೆಟ್ಟಿಗೆಗಳಲ್ಲಿಟ್ಟು, ಒಂದನ್ನು ಅಕ್ಕನಿಗೂ ಇನ್ನೊಂದನ್ನು ದೂರದೂರಿನಲ್ಲಿರುವ ತಂಗಿಗೂ ಕಳುಹಿಸಿದರೆ, ಅಕ್ಕನು ಕೆಂಪು ಬಳೆಯನ್ನು ಕಂಡೊಡನೆ ತಂಗಿಯದು ಹಸುರೆಂದು ತಿಳಿಯುವಳು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಣ್ಣವು ಪೆಟ್ಟಿಗೆಯನ್ನು ಮುಚ್ಚುವಾಗಲೇ ನಿಶ್ಚಯವಾಗಿದ್ದಿತು. ಆದರೆ ಬೆಳಕಿನ ಕಣಗಳಂತಹ ಅತಿಸೂಕ್ಷ್ಮ ವಸ್ತುಗಳ ವಿಷಯದಲ್ಲಿಯೂ ಹೀಗೆಯೇ ಹೇಳಬಹುದೋ? ಇದನ್ನು ಕುರಿತು ಶಾಸ್ತ್ರಜ್ಞರಲ್ಲಿ ಎದ್ದ ವಾದವನ್ನು ಇಲ್ಲಿ ತುಸು ವಿಚಾರಿಸುವೆವು.

ಕ್ವಾಂಟಮ್ ಶಾಸ್ತ್ರವು ಕಣವೊಂದರ ಸ್ಥಾನವನ್ನೂ ವೇಗವನ್ನೂ ಏಕಕಾಲದಲ್ಲಿ ನಿಷ್ಕೃಷ್ಟವಾಗಿ ತಿಳಿಸುವುದಿಲ್ಲ. 1935ರಲ್ಲಿ ಐನ್‌ಸ್ಟೈನ್, ಪೊಡೊಲ್ಸ್ಕಿ, ರೋಸೆನ್ ಎಂಬ ಮೂವರು ಒಂದು ಆಕ್ಷೇಪವನ್ನು ಎತ್ತಿದರು. ಜೊತೆಯಾಗಿ ಹುಟ್ಟಿ ದೂರ ಸರಿದ ಎರಡು ಕಣಗಳಲ್ಲಿ ಒಂದನ್ನು ಅಳೆದರೆ, ಮತ್ತೊಂದನ್ನು ಮುಟ್ಟದೆಯೇ ಅದರ ಗುಣವು ತಿಳಿದುಬರುವುದು; ಆದಕಾರಣ ಆ ಗುಣವು ಅದರಲ್ಲಿ ಮೊದಲೇ ಇದ್ದಿರಬೇಕು; ಅದನ್ನು ಹೇಳದ ಶಾಸ್ತ್ರವು ಅಪೂರ್ಣವೇ ಸರಿ. ಅಳೆಯುವ ಸಲಕರಣೆಯನ್ನು ಬಿಟ್ಟು ಕಣದ ಗುಣವನ್ನು ಮಾತನಾಡುವುದೇ ಸಲ್ಲದೆಂದು ನೀಲ್ಸ್ ಬೋರರು ಅದೇ ವರ್ಷ ಉತ್ತರ ಕೊಟ್ಟರು. ಗಂಭೀರವಾದ ಉತ್ತರವೇನೋ ಹೌದು. ಸುಲಭವಾಗಿ ತಿಳಿಯತಕ್ಕುದಲ್ಲವೆಂದು ನಮಗೆ ತೋರುತ್ತದೆ.

ಗುಪ್ತಗುಣಗಳು ಇರಲಾರವೆಂದು ಫಾನ್ ನಾಯ್ಮನ್ ಎಂಬ ಮಹಾಗಣಿತಜ್ಞರು 1932ರಲ್ಲಿಯೇ ಸಾಧಿಸಿರುವರೆಂದು ಅನೇಕರು ನಂಬಿದ್ದರು. ಆ ಸಾಧನೆಯಲ್ಲಿ ಬಿರುಕಿದೆಯೆಂದು 1935ರಲ್ಲಿ ಅಚ್ಚಾದ ಲೇಖನದಲ್ಲಿ ತೋರಿಸಿದವರು ಗ್ರೇಟೆ ಹರ್ಮನ್ ಎಂಬ ಜರ್ಮನ್ ಮಹಿಳೆ. ಬ್ರೆಮೆನ್ ನಗರದಲ್ಲಿ 1901ರಲ್ಲಿ ಹುಟ್ಟಿದ ಈಕೆ ಪ್ರಸಿದ್ಧ ಗಣಿತಜ್ಞೆ ಎಮ್ಮಿ ನೋಯ್ತರ್ ಅವರ ಶಿಷ್ಯೆ. ಎರಡು ಗುಣಗಳ ಮೊತ್ತದ ಸರಾಸರಿಯು ಅವುಗಳ ಸರಾಸರಿಗಳ ಮೊತ್ತಕ್ಕೆ ಸಮವೆಂಬ ನಿಯಮವನ್ನು ಫಾನ್ ನಾಯ್ಮನ್ನರು ಗುಪ್ತಗುಣಗಳಿಗೂ ಹೊಂದುವುದೆಂದು ಎಣಿಸಿದ್ದರು. ಸಾಧಿಸಬೇಕಾದುದೇ ಆ ಎಣಿಕೆಯಲ್ಲಿ ಅಡಗಿದ್ದಿತು. ದೊಡ್ಡ ಹೆಸರಿನ ಮುಂದೆ ಈ ಲೇಖನವನ್ನು ಬಹುಕಾಲ ಯಾರೂ ಲಕ್ಷಿಸಲಿಲ್ಲ. ಅದೇ ದೋಷವನ್ನು ಸ್ವತಂತ್ರವಾಗಿ ಕಂಡ ಜಾನ್ ಬೆಲ್ಲರ ಬರಹವು 1966ರಲ್ಲಿ ಹೊರಬಂದಿತು.

ಈ ಬೆಲ್ಲರೇ 1964ರಲ್ಲಿ ವಾದವನ್ನು ಲೆಕ್ಕಕ್ಕೆ ಇಳಿಸಿದವರು. ಅವರ ತತ್ತ್ವವನ್ನು ಹೀಗೆ ತಿಳಿಯಬಹುದು. ಬೆಳಕಿನ ಕಂಪನದ ದಿಕ್ಕನ್ನು ಶೋಧಿಸುವ ಫಲಕವನ್ನು ಸೊನ್ನೆ, 60, 120 ಡಿಗ್ರಿ ಎಂಬ ಮೂರು ಕೋನಗಳಲ್ಲಿ ಯಾವುದರಲ್ಲಾದರೂ ಇಟ್ಟು, ಪ್ರತಿ ಕಣಕ್ಕೆ 'ಹಾಯುವೆಯೋ ಇಲ್ಲವೋ' ಎಂದು ಕೇಳೋಣ. ಅವಳಿಗಳಿಗೆ ಒಂದೇ ಕೋನದ ಪ್ರಶ್ನೆಯನ್ನು ಹಾಕಿದರೆ ಯಾವಾಗಲೂ ಒಂದೇ ಉತ್ತರ ಬರುವುದು. ಹಾಗಾದರೆ, ಹೊರಡುವಾಗಲೇ ಅವು ಮೂರು ಉತ್ತರಗಳ ಚೀಟಿಯನ್ನು ಬರೆದುಕೊಂಡು ಹೊರಟಿರಬೇಕೆಂದು ಊಹಿಸೋಣ. ಉತ್ತರಗಳು ಮೂರು, ಬಗೆಗಳು ಹೌದು, ಇಲ್ಲ ಎಂದು ಎರಡೇ. ಆದುದರಿಂದ ಎರಡಾದರೂ ಒಂದೇ ಆಗಿರಲೇಬೇಕು. ಎಂದಮೇಲೆ ಮುಂದಾಗಿ ತಿಳಿಯದಂತೆ ಬೇರೆ ಬೇರೆ ಕೋನಗಳನ್ನು ಆರಿಸಿ ಕೇಳಿದರೂ, 300 ಸಲಕ್ಕೆ ಸರಾಸರಿ 100 ಸಲವಾದರೂ ಉತ್ತರಗಳು ಕೂಡಬೇಕು. ಕ್ವಾಂಟಮ್ ಶಾಸ್ತ್ರವೋ 75 ಸಲ ಮಾತ್ರ ಎನ್ನುತ್ತದೆ! ವಾಚಕರು ಕಾಗದದ ಮೇಲೆ ಎಂಟು ಬಗೆಯ ಚೀಟಿಗಳನ್ನು ಬರೆದು ನೋಡಲಿ. ನೂರಕ್ಕಿಂತ ಕಡಿಮೆ ಮಾಡಲು ಯಾವ ಉಪಾಯವೂ ದೊರೆಯದು.

ಬರ್ಕ್ಲಿಯಲ್ಲಿ ಫ್ರೀಡ್ಮನ್, ಕ್ಲೌಸರ್ ಇವರು 1972ರಲ್ಲಿಯೂ, ಫ್ರಾನ್ಸಿನಲ್ಲಿ ಅಲೆನ್ ಆಸ್ಪೆ ಮತ್ತು ಸಂಗಡಿಗರು 1982ರಲ್ಲಿಯೂ ಈ ಬಗೆಯ ಪರೀಕ್ಷೆಗಳನ್ನು ನಡೆಸಲು, ಕ್ವಾಂಟಮ್ ಶಾಸ್ತ್ರದ ಲೆಕ್ಕವೇ ಗೆದ್ದಿತು. ಕಣಗಳು ದಾರಿಯಲ್ಲಿರುವಾಗಲೇ ಪ್ರಶ್ನೆಯನ್ನು ಬದಲಿಸಿದುದು ಆಸ್ಪೆಯವರ ಜಾಣ್ಮೆ. 2015ರಲ್ಲಿ ಡೆಲ್ಫ್ಟ್ ಪಟ್ಟಣದಲ್ಲಿ 1.3 ಕಿಲೋಮೀಟರು ಅಂತರದಲ್ಲಿ ಇನ್ನೂ ಬಿಗಿಯಾಗಿ ಪರೀಕ್ಷಿಸಲಾಯಿತು. ಕ್ಲೌಸರ್, ಆಸ್ಪೆ, ತ್ಸೈಲಿಂಗರ್ ಇವರಿಗೆ 2022ರಲ್ಲಿ ನೊಬೆಲ್ ಬಹುಮಾನ ಸಂದಿತು. ಇದರಿಂದ ದೂರಕ್ಕೆ ಕ್ಷಣಮಾತ್ರದಲ್ಲಿ ಸುದ್ದಿ ಕಳುಹಿಸಬಹುದೆಂದು ಕೆಲವರು ಹೇಳುವುದುಂಟು, ಅದು ತಪ್ಪು. ಒಂದೊಂದು ಕಡೆಯ ಉತ್ತರಗಳು ನಾಣ್ಯ ಚಿಮ್ಮಿದಂತೆ ಬರುವುವು. ಎರಡು ಪಟ್ಟಿಗಳನ್ನು ಹೋಲಿಸಿದಾಗಲೇ ಸಂಬಂಧವು ಕಾಣುವುದು.

ಹಾಗಾದರೆ ನಡೆಯುವುದೇನು? ಅಳೆಯುವುದಕ್ಕೆ ಮುಂಚೆ ಉತ್ತರವೇ ಇರಲಿಲ್ಲವೆನ್ನುವರು ಬೋರರ ಪಕ್ಷದವರು. ಗುಣಗಳುಂಟು, ಆದರೆ ಒಂದರ ಪ್ರಭಾವ ಇನ್ನೊಂದಕ್ಕೆ ತತ್‌ಕ್ಷಣ ತಟ್ಟುವುದೆಂಬುದು 1952ರಲ್ಲಿ ಡೇವಿಡ್ ಬೋಮರು ಹೂಡಿದ ಮತ. ಎಲ್ಲ ಉತ್ತರಗಳೂ ಬೇರೆ ಬೇರೆ ಲೋಕಗಳಲ್ಲಿ ನಡೆಯುವುವೆಂಬುದು 1957ರ ಎವರೆಟ್ಟರ ಕಲ್ಪನೆಯಿಂದ ಬೆಳೆದ ಮತ. ಮೂರು ಪಕ್ಷಗಳೂ 75 ಎಂಬ ಲೆಕ್ಕವನ್ನೇ ಕೊಡುವುದರಿಂದ, ಈ ಪರೀಕ್ಷೆಗಳು ಅವುಗಳಲ್ಲೊಂದನ್ನು ಆರಿಸಿಕೊಡಲಾರವು.