ಹೆಗಲು ಕೊಡಲು ಕಲಿಯಿರಿ: 7 ಸೂತ್ರಗಳು

ಪುಣೆಯಲ್ಲಿ ದುಡಿಯುವ, ಓದುವ ಕನ್ನಡಿಗರೇ, ಇದು ನಿಮಗೆ. ಹಿಂಜವಡಿಯ ಆಫೀಸಿನಲ್ಲಿ ಪಕ್ಕದ ಸೀಟಿನವರ ತಮ್ಮ ಇದ್ದಕ್ಕಿದ್ದಂತೆ ತೀರಿಕೊಂಡರೆ, ಅದೂ ಆತ್ಮಹತ್ಯೆ ಎಂದು ಗೊತ್ತಾದರೆ, "ಹೋಗಿ ಏನಂತ ಮಾತಾಡಿಸಲಿ?" ಎಂದು ಹಿಂದೆ ಸರಿಯುತ್ತೀರಿ. ಈ ಹಿಂಜರಿಕೆ ಒಂದು ಅಭ್ಯಾಸ ಅಷ್ಟೇ. ಇವತ್ತೇ ಬಿಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು. ಅಷ್ಟೂ ಮನೆಗಳಿಗೆ ಜೊತೆ ಬೇಕು. ಪ್ರಾಜೆಕ್ಟ್ ನಡೆಸಲು ಕಲಿತವರು ಇದನ್ನೂ ಕಲಿಯಬಲ್ಲರು.

1. ಮೊದಲ ದಿನವೇ ಹೋಗಿ, ಓಡಾಟ ವಹಿಸಿಕೊಳ್ಳಿ.
ಗದಗದಿಂದಲೋ ಕಲಬುರಗಿಯಿಂದಲೋ ರಾತ್ರಿ ಬಸ್ಸಿಗೆ ಬಂದ ಅಪ್ಪ ಸಸೂನ್ ಆಸ್ಪತ್ರೆಯ ಹೊರಗೆ ಕೂತಿರುತ್ತಾರೆ. ಕೈಯಲ್ಲಿ ಮಗನ ಐಡಿ ಕಾರ್ಡ್, ಮುಂದೆ ಮರಾಠಿಯ ಪಂಚನಾಮೆ. ಸಹಿಗೆ ಮುಂಚೆ ಅದನ್ನು ಒಂದೊಂದೇ ಸಾಲಾಗಿ ಕನ್ನಡದಲ್ಲಿ ಹೇಳಿ. ಅಸಹಜ ಸಾವಿಗೆ ಪೊಲೀಸ್ ವಿಚಾರಣೆ ಕಾನೂನಿನ ಕ್ರಮ, ಮನೆಯವರು ತಪ್ಪಿತಸ್ಥರು ಎಂದಲ್ಲ. ಇದನ್ನು ಬಿಡಿಸಿ ಹೇಳಿದರೆ ಅರ್ಧ ಭಯ ಇಳಿಯುತ್ತದೆ.

2. ಕಾಗದಪತ್ರ ಮುಗಿಸಿಕೊಡಿ.
ಸಾವಿನ ನೋಂದಣಿ 21 ದಿನದೊಳಗೆ ಆಗಲಿ. ಪ್ರಮಾಣಪತ್ರದ ನಾಲ್ಕೈದು ಪ್ರತಿ ಪಡೆಯಿರಿ. ಪಿಎಫ್ ಕಡಿತವಾಗುತ್ತಿದ್ದ ಉದ್ಯೋಗಿಯಾದರೆ ಇಡಿಎಲ್‌ಐ ವಿಮೆ ಕೇಳಿ, ಅದರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ. "ಆತ್ಮಹತ್ಯೆಗೆ ವಿಮೆ ಬರಲ್ಲ" ಎಂಬ ಮಾತು ಕೇಳಿ ಸುಮ್ಮನಾಗಬೇಡಿ. ಸಾಮಾನ್ಯ ಜೀವವಿಮೆಯಲ್ಲಿ ಆ ನಿರ್ಬಂಧ ಇರುವುದು ಮೊದಲ 12 ತಿಂಗಳಿಗೆ ಮಾತ್ರ. ದುಃಖದಲ್ಲಿರುವವರಿಗೆ ಫಾರಂ ತುಂಬುವ ತ್ರಾಣ ಇರುವುದಿಲ್ಲ, ನಿಮಗೆ ಇದೆ.

3. "ಯಾಕೆ" ಎಂದು ಕೇಳಬೇಡಿ. ಹೆಸರು ಹಿಡಿದು ಮಾತಾಡಿ.
ಆ "ಯಾಕೆ" ಮನೆಯವರ ತಲೆಯಲ್ಲಿ ಹಗಲೂ ರಾತ್ರಿ ಸುತ್ತುತ್ತಿರುತ್ತದೆ. ನೀವು ಕೇಳಿದರೆ ಆರೋಪದಂತೆ ಕೇಳಿಸುತ್ತದೆ. "ಧೈರ್ಯ ತಂದ್ಕೊಳ್ಳಿ", "ಎಲ್ಲಾ ಹಣೆಬರಹ" ಎನ್ನಬೇಡಿ. ತೀರಿಕೊಂಡವರ ಹೆಸರು ಹೇಳಿ, ಕಂಡ ಒಂದು ಒಳ್ಳೆಯ ಸಂಗತಿ ಹೇಳಿ. ತಾಯಿ ಇನ್ನೂ ಮಗನ ಮೊಬೈಲನ್ನು ಚಾರ್ಜಿಗೆ ಹಾಕುತ್ತಿದ್ದರೆ ತಡೆಯಬೇಡಿ. ಪಕ್ಕದಲ್ಲಿ ಕೂತು ಅದರಲ್ಲಿರುವ ಫೋಟೋ ನೋಡಿ.

4. ಹದಿಮೂರನೇ ದಿನದ ನಂತರ ರಿಮೈಂಡರ್ ಹಾಕಿ.
ತಿಥಿ ಊಟ ಮುಗಿಯುತ್ತಲೇ ನೆಂಟರು ಹೊರಡುತ್ತಾರೆ. ಮನೆ ಖಾಲಿಯಾಗುವುದು ಆಗಲೇ. ತಿಂಗಳ ದಿನ, ಹುಟ್ಟಿದ ದಿನ, ಮೊದಲ ಗಣೇಶ ಹಬ್ಬ, ಎಲ್ಲವನ್ನೂ ಫೋನಿನಲ್ಲಿ ಗುರುತಿಸಿಕೊಳ್ಳಿ. ಬೀದಿಯೆಲ್ಲ ಢೋಲ್ ಬಾರಿಸುವ ದಿನ ಆ ಮನೆಗೆ ಡಬ್ಬಿ ಹಿಡಿದು ಹೋಗಿ.

5. ಅದೇ ನೋವು ಉಂಡವರ ಜೊತೆ ಸೇರಿಸಿ.
1968ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಒಂದೇ ಆಸ್ಪತ್ರೆಯಲ್ಲಿ ಇಬ್ಬರು ಹುಡುಗರು ತೀರಿಕೊಂಡರು. ಆ ಎರಡು ಜೋಡಿ ಅಪ್ಪ ಅಮ್ಮ ಒಬ್ಬರಿಗೊಬ್ಬರು ಆಸರೆಯಾದರು. ಆ ಆಸರೆಯೇ ಮುಂದಿನ ವರ್ಷ, ಮಕ್ಕಳನ್ನು ಕಳೆದುಕೊಂಡ ಹೆತ್ತವರ 'ಕಂಪ್ಯಾಷನೇಟ್ ಫ್ರೆಂಡ್ಸ್' ಸಂಘಟನೆಯಾಯಿತು. ಪುಣೆಯಲ್ಲೇ 2005ರಿಂದ 'ಕನೆಕ್ಟಿಂಗ್ ಟ್ರಸ್ಟ್' ಆತ್ಮಹತ್ಯೆ ತಡೆಗೆ ಕೆಲಸ ಮಾಡುತ್ತಿದೆ. ಆತ್ಮಹತ್ಯೆಯಲ್ಲಿ ತಮ್ಮವರನ್ನು ಕಳೆದುಕೊಂಡವರಿಗೂ ಅಲ್ಲಿ ನೆರವಿದೆ. ವಿಳಾಸ ಹುಡುಕಿ ಕೊಟ್ಟು ಸುಮ್ಮನಾಗಬೇಡಿ, ಮೊದಲ ಸಲ ಜೊತೆಗೇ ಹೋಗಿ. "ನನಗೂ ಹೀಗೇ ಆಗಿತ್ತು" ಎಂಬ ಮಾತಿಗಿರುವ ಬಲ ಉಪದೇಶಕ್ಕಿಲ್ಲ.

6. ಕನ್ನಡದಲ್ಲೇ ಒಂದು ಚಿಕ್ಕ ಗುಂಪು ಕಟ್ಟಿ.
ಐದಾರು ಮಂದಿ ಸಾಕು. ತಿಂಗಳಿಗೆ ಒಂದು ಶನಿವಾರ, ಒಂದೂವರೆ ಗಂಟೆ, ಒಂದು ಕೋಣೆ, ಚಹಾ. ನಿಯಮ ನಾಲ್ಕು: ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಉಪದೇಶ ಬೇಡ, ಯಾರ ನೋವು ದೊಡ್ಡದು ಎಂಬ ಹೋಲಿಕೆ ಬೇಡ, ಮಾತಾಡದೆ ಕೂತರೂ ಸರಿ. ನಡೆಸುವವರು ಇಬ್ಬರಿರಲಿ. ಸದಸ್ಯರೊಬ್ಬರು ಅಳುತ್ತಾ ಹೊರಗೆ ಹೋದರೆ ನಡೆಸುವವರಲ್ಲಿ ಒಬ್ಬರು ಜೊತೆಗೆ ಹೋಗಬೇಕು. ನಿಮ್ಮ ಮನೆಯ ಸಾವಿನ ನೋವು ಇನ್ನೂ ಹಸಿಯಾಗಿದ್ದರೆ ನಡೆಸಲು ಹೋಗಬೇಡಿ, ಸದಸ್ಯರಾಗಿ ಕೂರಿ. ಅಳು ಬರುವುದು ತಾಯ್ನುಡಿಯಲ್ಲಿ, ಆದ್ದರಿಂದ ಗುಂಪು ಕನ್ನಡದ್ದೇ ಆಗಲಿ.

7. ಅಪಾಯ ಕಂಡರೆ ನೇರವಾಗಿ ಕೇಳಿ.
ಆತ್ಮಹತ್ಯೆಯಲ್ಲಿ ತಮ್ಮವರನ್ನು ಕಳೆದುಕೊಂಡವರಿಗೂ ಆ ಯೋಚನೆಯ ಅಪಾಯ ಹೆಚ್ಚು. "ನಾನೂ ಹೋಗಿಬಿಡ್ತೀನಿ" ಎಂಬ ಮಾತನ್ನು ತೇಲಿಸಬೇಡಿ. "ಸಾಯೋ ಯೋಚನೆ ಬರ್ತಿದೆಯಾ?" ಎಂದು ಮೆಲ್ಲಗೆ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಬಾಯಿಬಿಡಲು ದಾರಿಯಾಗುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ಮನಸ್ಸು ಭಾರವಾದರೂ ಅದೇ ನಂಬರ್.

ನಿಮಗೆ ಗೊತ್ತಿರುವ ಅಂಥ ಒಂದು ಮನೆ ಇದ್ದೇ ಇದೆ. ತಿಂಗಳುಗಳಿಂದ ಫೋನ್ ಮಾಡಿಲ್ಲ ಎಂಬ ಸಂಕೋಚ ಬೇಡ. ಇಂದು ಸಂಜೆ ಕರೆ ಮಾಡಿ, "ಭಾನುವಾರ ಮನೆಗೆ ಬರ್ತೀನಿ" ಎನ್ನಿ. ಭಾನುವಾರ ಹೋಗಿ.